ಬೀಟ್ ಹೊಲದಲ್ಲಿ ಮೇಯುವ ಹಂಸಗಳು

ಈಲಿ, ಕೇಂಬ್ರಿಡ್ಜ್‌ಶೈರ್, ಇಂಗ್ಲೆಂಡ್

ತೀರ್ಥರೂಪರಾದ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ, ಸಿರುಗುಪ್ಪದಲ್ಲಿ ನೀವು, ಅವ್ವ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ಭಾನುವಾರ ಈ ಊರಿನ ಪಕ್ಷಿವೀಕ್ಷಕರ ಸಂಗಡ ಹೊಲಗಳ ಕಡೆಗೆ ಹೋಗಿದ್ದೆ. ಒಕ್ಕಲುತನದ ಸಂಗತಿಯಾದ್ದರಿಂದ ನಿಮಗೇ ಬರೆಯಬೇಕೆನಿಸಿತು. ಇಲ್ಲಿಯ ಮಣ್ಣು ನಮ್ಮ ಎರೆ ಹೊಲದಷ್ಟೇ ಕಪ್ಪು. ಆದರೆ ಜೌಗಿನ ನೀರು ಬಸಿದು ಸಾಗುವಳಿಗೆ ತಂದ ಈ ಹಗುರ ಮಣ್ಣು ಒಣಗಿದರೆ ಗಾಳಿಗೆ ಹಾರಿಹೋಗುತ್ತದಂತೆ. ಅದರಲ್ಲಿ ಸಕ್ಕರೆ ಬೀಟ್ ಬೆಳೆಯುತ್ತಾರೆ. ಯಂತ್ರವು ಗಡ್ಡೆ ಕಿತ್ತ ಮೇಲೆ ಹೊಲದಲ್ಲಿ ಉಳಿಯುವ ಸೊಪ್ಪನ್ನೂ ಮುರಿದ ಚೂರುಗಳನ್ನೂ ತಿನ್ನಲು ಐಸ್‌ಲ್ಯಾಂಡಿನಿಂದ ಹೂಪರ್ ಹಂಸಗಳೂ ರಷ್ಯದ ಉತ್ತರದ ಟಂಡ್ರಾದಿಂದ ಬ್ಯೂಯಿಕ್ ಹಂಸಗಳೂ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ.

ನಾವು ರಸ್ತೆಯ ಅಂಚಿನಲ್ಲೇ ನಿಂತು ದೂರದರ್ಶಕದಲ್ಲಿ ನೋಡಿದೆವು. ಒಬ್ಬರೂ ಹೊಲಕ್ಕೆ ಕಾಲಿಡಲಿಲ್ಲ. ಕೆಸರಿನಿಂದ ಗಡ್ಡೆಯ ತುಂಡೊಂದನ್ನು ಎಳೆಯುತ್ತಿದ್ದ ಹಂಸದ ಬಿಳಿಯ ಕೊರಳು ಅರ್ಧದವರೆಗೂ ಮಣ್ಣಾಗಿತ್ತು, ಅದರ ಬೂದು ಬಣ್ಣದ ಮರಿ ಪಕ್ಕದಲ್ಲೇ ಕಾದು ನಿಂತಿತ್ತು. ಹೂಪರ್ ಹಂಸದ ಕೊಕ್ಕಿನ ಹಳದಿ ಬಣ್ಣವು ಮೂಗಿನ ಹೊಳ್ಳೆಯ ಆಚೆಗೂ ಚೂಪಾಗಿ ಚಾಚಿರುತ್ತದೆ. ಬ್ಯೂಯಿಕ್ ಹಂಸದಲ್ಲಿ ಅದು ಚಿಕ್ಕದು. ಈ ಹಳದಿ ಕಪ್ಪಿನ ವಿನ್ಯಾಸ ಬ್ಯೂಯಿಕ್ ಹಂಸಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆಯಾಗಿರುವುದರಿಂದ, ಸ್ಲಿಂಬ್ರಿಡ್ಜ್ ಎಂಬ ಹಕ್ಕಿಧಾಮದಲ್ಲಿ ಪಕ್ಷಿತಜ್ಞ ಪೀಟರ್ ಸ್ಕಾಟ್ ಅವರು 1964ರಿಂದ ಅವುಗಳ ಮುಖಗಳ ಚಿತ್ರ ಬರೆದಿಟ್ಟು ಗುರುತಿಸುತ್ತಿದ್ದರು. ಸಂಜೆ ನಾಲ್ಕಕ್ಕೇ ಕತ್ತಲಾಗುವುದರಿಂದ ಬೇಗನೆ ಹಿಂದಿರುಗಿದೆವು.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಪೈರು ಕೊಯ್ದ ಮೇಲೆ ಉಳಿಯುವ ಕೂಳೆಯ ವಿಷಯ. ಗೋಧಿಯನ್ನು ಚಳಿಗಾಲಕ್ಕೆ ಮೊದಲೇ ಬಿತ್ತುವ ರೂಢಿ ಬಂದ ಮೇಲೆ ಕೂಳೆ ಹೊಲಗಳು ಕಡಿಮೆಯಾದವು. ಉದುರಿದ ಕಾಳನ್ನೇ ನಂಬಿದ್ದ ಹಕ್ಕಿಗಳು 1970ರ ದಶಕದಿಂದೀಚೆಗೆ ಬಹಳ ಕುಸಿದಿವೆ. ಆದ್ದರಿಂದ ಚಳಿಗಾಲವಿಡೀ ಕೂಳೆಯನ್ನು ಹಾಗೆಯೇ ಬಿಡುವ ರೈತರಿಗೆ ಸರ್ಕಾರವು ಯೋಜನೆಯೊಂದರಲ್ಲಿ ಹಣ ಕೊಡುತ್ತದೆ. ಇದು ನನಗೆ ಸರಿಯೆನಿಸಿತು. ಬರಿಗೈಯಲ್ಲಿ ಬಂದು ಹಕ್ಕಿಗಾಗಿ ಹೊಲ ಬಿಡಿರೆಂದು ಒಕ್ಕಲಿಗನಿಗೆ ಉಪದೇಶಿಸುವವರನ್ನು ನೀವು ಬಾಗಿಲಲ್ಲೇ ಕಳುಹಿಸಿಬಿಡುತ್ತಿದ್ದಿರಿ.

ನಮ್ಮ ತಾಲ್ಲೂಕಿನ ದೊಡ್ಡ ನೆಲಹಕ್ಕಿ ಎರೆಬೂತಕ್ಕೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹೀಗೆಯೇ ಆಗಿದೆ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಆ ಹಕ್ಕಿಗೆ ಬೇಕಾದ ಹುಲ್ಲುಗಾವಲೂ ಖುಷ್ಕಿ ಹೊಲಗಳೂ ನೀರಾವರಿ ಹಬ್ಬಿದಂತೆ ಕಿರಿದಾದವು. ಕಾಲುವೆಯ ನೀರನ್ನು ಬೇಡವೆನ್ನಲು ಯಾರಿಗೂ ಬಾಯಿಲ್ಲ, ನನಗಂತೂ ಇಲ್ಲ, ಏಕೆಂದರೆ ನನ್ನ ಓದಿನ ಖರ್ಚು ನಡೆದದ್ದೇ ಆ ನೀರಿನ ಭತ್ತದಿಂದ.

ಕಡಲೆ ಕಿತ್ತ ಮೇಲೆ ಮೇಲಿನ ಹೊಲವನ್ನು ಎಷ್ಟು ದಿನ ಹರಗದೆ ಬಿಡುತ್ತೀರೆಂದೂ, ಆ ಕಡೆಯ ಕುರಿಗಾರರು ಈ ವರ್ಷ ಎರೆಬೂತವನ್ನು ಕಂಡರೇ ಎಂದೂ ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು