ಮಗಳಿಗೊಂದು ಪತ್ರ: ಪೇಪರ್ ಜೊತೆ ಹುಡುಕಾಟದ ಕಥೆಯನ್ನೂ ಬರಿ

ಪುಟ್ಟಿ,

ಫೋನಿನಲ್ಲಿ "ನನ್ನ ರಿಸರ್ಚ್ ಪೇಪರ್ ಅಷ್ಟೇನೂ ದೊಡ್ಡದಲ್ಲಮ್ಮ, ಲೈಬ್ರರಿ ಪ್ರೈಜಿಗೆಲ್ಲ ಅಪ್ಲೈ ಮಾಡಲ್ಲ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ, ಅಪ್ಲೈ ಮಾಡು.

ಕ್ಯಾಲಿಫೋರ್ನಿಯಾದ ನಿನ್ನ ಬರ್ಕ್ಲಿ ವಿಶ್ವವಿದ್ಯಾಲಯದ ಲೈಬ್ರರಿ ಕೊಡುವ ಆ ಬಹುಮಾನದ ವಿವರ ಓದಿದೆ. ಶಾರ್ಲೀನ್ ಕಾನ್ರಾಡ್ ಲೀಬೌ ಅವರ ಹೆಸರಿನಲ್ಲಿದೆ, ಡಿಗ್ರಿ ಓದುವವರಿಗೆ ಮಾತ್ರ, ಪಿಎಚ್‌ಡಿಯವರ ಜೊತೆ ಪೈಪೋಟಿ ಇಲ್ಲ. ಪೇಪರ್ ಒಂದೇ ಸಾಲದು, ಲೈಬ್ರರಿಯಲ್ಲಿ ಏನು ಹುಡುಕಿದೆ, ಹೇಗೆ ಹುಡುಕಿದೆ, ಯಾವುದನ್ನು ಯಾಕೆ ಬಿಟ್ಟೆ ಅಂತ ಬೇರೆಯೇ ಒಂದು ಪ್ರಬಂಧ ಕೊಡಬೇಕು. ನನಗೆ ಇದೇ ತುಂಬಾ ಇಷ್ಟವಾಯಿತು. ಇಷ್ಟು ವರ್ಷ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿದ್ದೇನೆ. ಒಳ್ಳೊಳ್ಳೆ ಮಕ್ಕಳೂ ಗೈಡ್ ಇದೆಯಾ, ಹಳೇ ಪ್ರಶ್ನೆಪತ್ರಿಕೆ ಇದೆಯಾ ಅಂತ ಕೇಳಿಕೊಂಡು ಬರುತ್ತಿದ್ದರು. ಅವರ ತಪ್ಪಲ್ಲ, ಹುಡುಕಿದ್ದಕ್ಕೆ ಅವರಿಗೆ ಯಾರೂ ಮಾರ್ಕ್ಸ್ ಕೊಡುತ್ತಿರಲಿಲ್ಲ. ಪುಸ್ತಕ ಇರುವುದೇ ಬಳಸುವುದಕ್ಕೆ ಅಂತ ನಮ್ಮ ದೇಶದ ಲೈಬ್ರರಿ ವಿಜ್ಞಾನಿ ರಂಗನಾಥನ್ ಅವರು 1931ರಲ್ಲೇ ಲೈಬ್ರರಿಗಳ ಮೊದಲ ಸೂತ್ರವಾಗಿ ಬರೆದರು, ಬೆಂಗಳೂರಿನಲ್ಲಿ 1962ರಲ್ಲಿ ಲೈಬ್ರರಿ ವಿಜ್ಞಾನಕ್ಕೇ ಒಂದು ಕೇಂದ್ರ ಕಟ್ಟಿದರು. ಆದರೂ ನಮ್ಮಲ್ಲಿ ಇಂಥ ಬಹುಮಾನ ಕೊಡುವ ಒಂದು ಕಾಲೇಜನ್ನೂ ನಾನು ನೋಡಲಿಲ್ಲ.

ಇನ್ನು ನಿನ್ನ ಪೇಪರ್. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅಲ್ಲಿನ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರನ್ನೇ ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಆಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಅದನ್ನು ವಾಪಸ್ ಕಿತ್ತುಕೊಂಡರು. ಹಾಗೆ ಕಳೆದುಕೊಂಡವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯ್ ಒಬ್ಬರು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು, ಬರೆದಿಟ್ಟ ಪತ್ರ ಎಕ್ಸಾಮಿನರ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೂ ಮುಂಚೆ ಅದೇ ಬರ್ಕ್ಲಿಯಲ್ಲಿ ಮನೆ ಕೊಂಡಿದ್ದರು, ಸಾಮಾನು ತಂದರೆ ನೆರೆಯವರು ಮನೆಗೆ ಬೀಗ ಹಾಕಿ ಒಳಗೇ ಬಿಡಲಿಲ್ಲ. ಈಗ ಅವರ ಹೆಂಡತಿ ಕಲಾ ಬಗಾಯ್ ಹೆಸರಿನಲ್ಲಿ ಅದೇ ಊರಿನಲ್ಲಿ ರಸ್ತೆ ಇದೆ, ನೀನು ಬಸ್ಸಿಗೆ ಹೋಗುವ ದಾರಿ ಅಲ್ವಾ? ಇದನ್ನು ಚಿಕ್ಕ ಪೇಪರ್ ಅಂತೀಯಲ್ಲ!

ಮೊದಲು ನೀನು, ಅಮೆರಿಕದಲ್ಲಿದ್ದ ಭಾರತೀಯ ಕ್ರಾಂತಿಕಾರಿಗಳ ಗದರ್ ಪತ್ರಿಕೆ ಬಗ್ಗೆ ಬರೆಯುತ್ತೇನೆ ಅಂದಿದ್ದೆ. 1913ರಿಂದ ಬಂದ ಆ ಪತ್ರಿಕೆ ಉರ್ದು, ಪಂಜಾಬಿಯಲ್ಲಿದೆ, ನಿನಗೆ ಓದಲು ಬರುವುದಿಲ್ಲ ಅಂತ ವಿಷಯ ಬದಲಿಸಿದೆ. ಅದನ್ನು ಮುಚ್ಚಿಡಬೇಡ, ಮೊದಲ ಪ್ಯಾರಾದಲ್ಲೇ ಬರಿ. ದಕ್ಷಿಣ ಏಷ್ಯಾ ವಿಭಾಗದ ಲೈಬ್ರರಿಯನ್ ನಿನ್ನನ್ನು ಅಲ್ಲಿನ ಅಪರೂಪದ ದಾಖಲೆಗಳ ಬ್ಯಾಂಕ್ರಾಫ್ಟ್ ಲೈಬ್ರರಿಗೆ ಕಳಿಸಿದ್ದು, ಪೆನ್ ಹೊರಗಿಟ್ಟು ಪೆನ್ಸಿಲ್ಲಿನಲ್ಲೇ ನೋಟ್ಸ್ ಮಾಡಿಕೊಂಡಿದ್ದು, ಹಳೇ ಪತ್ರಿಕೆಗಳ ಪುಟಗಳನ್ನು ಚಿಕ್ಕದಾಗಿ ತೆಗೆದಿಟ್ಟ ಮೈಕ್ರೋಫಿಲ್ಮ್ ಸುರುಳಿ ತಿರುಗಿಸುತ್ತಾ ಕೂತು ಬಗಾಯ್ ಪತ್ರ ಸಿಕ್ಕಾಗ ನನಗೆ ನಡುರಾತ್ರಿ ಮೆಸೇಜ್ ಹಾಕಿದ್ದು, ಎಲ್ಲ ಬರಿ. ಪುಸ್ತಕದಲ್ಲಿ ಎರಡು ಸಾಲು ಓದಿದ್ದಕ್ಕೂ ಪತ್ರಿಕೆಯ ಆ ಪುಟ ನೋಡಿದ್ದಕ್ಕೂ ನಿನ್ನ ವಾದದಲ್ಲಿ ಏನು ಬದಲಾಯಿತು ಅನ್ನುವುದನ್ನು ಜಾಸ್ತಿ ಬರಿ, ತೀರ್ಪು ಕೊಡುವವರು ಹುಡುಕುವುದು ಅದನ್ನೇ.

ಗೆದ್ದವರ ಪೇಪರ್‌ಗಳನ್ನು ವಿಶ್ವವಿದ್ಯಾಲಯ ತನ್ನ ಸಂಶೋಧನಾ ಬರಹಗಳನ್ನು ಇಡುವ ಇ-ಸ್ಕಾಲರ್‌ಶಿಪ್ ಎಂಬ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಒಂದೆರಡು ಓದಿ ನೋಡು, ಹೆದರಿಕೆ ಹೋಗುತ್ತದೆ.

ಅರ್ಜಿಗೆ ಬೇಕಾದ ಬೆಂಬಲ ಪತ್ರವನ್ನು ಪ್ರೊಫೆಸರ್ ಹತ್ತಿರ ಕೇಳುವುದನ್ನು ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡ, ಈ ವಾರವೇ ಕೇಳು. ಆ ಲೈಬ್ರರಿಯನ್ ಹೆಸರು ಪ್ರಬಂಧದಲ್ಲಿ ಇರಲೇಬೇಕು. ಕರಡು ಆದ ಕೂಡಲೇ ಕಳಿಸು, ಎಷ್ಟು ಹೊತ್ತಾದರೂ ಓದುತ್ತೇನೆ.

ಅಮ್ಮ