ಸ್ಟೆಮ್ ಸೆಲ್ ಹಣಕ್ಕೆ ಒಂದೇ ಸಾಲಿನ ಲೆಕ್ಕವೇ?

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ಆಕರಕೋಶ (ಸ್ಟೆಮ್ ಸೆಲ್, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶ) ಸಂಶೋಧನೆಯ ಖರ್ಚಿನ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಮೈ ಉರಿಯಿತು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯಲ್ಲಿ ಸದಸ್ಯರು ಲೆಕ್ಕ ಕೇಳಿದರೆ, ‘ಅದು ತಾಂತ್ರಿಕ ವಿಷಯ, ವಾರ್ಷಿಕ ವರದಿಯಲ್ಲಿದೆ ನೋಡಿಕೊಳ್ಳಿ’ ಎಂಬುದು ಅಧಿಕಾರಿಗಳ ಉತ್ತರ! ವಾರ್ಷಿಕ ವರದಿಯಲ್ಲಿ ಇರುವುದೇನು? ‘ಜೀವವಿಜ್ಞಾನ ಸಂಶೋಧನಾ ಯೋಜನೆಗಳು’ ಎಂಬ ಒಂದು ಸಾಲು, ಅದರ ಮುಂದೊಂದು ಮೊತ್ತ. ಅದರಲ್ಲಿ ಸ್ಟೆಮ್ ಸೆಲ್‌ಗೆ ಎಷ್ಟು, ಸಸ್ಯ ಅಂಗಾಂಶ ಕೃಷಿಗೆ ಎಷ್ಟು, ಲ್ಯಾಬಿನ ಗೋಡೆಗೆ ಬಣ್ಣ ಹೊಡೆಸಿದ್ದಕ್ಕೆ ಎಷ್ಟು ಎಂದು ಬಿಡಿಸಿ ಹೇಳುವವರಿಲ್ಲ. ಆ ಪುಟವನ್ನೂ ಅಡ್ಡಡ್ಡ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಅಂಕಿ ಓದಬೇಕಾದರೆ ಕತ್ತು ವಾಲಿಸಿ ಕೂರಬೇಕು. ಅದರ ಹಿಂದಿನ ವರ್ಷದ ಕೊಂಡಿ ಒತ್ತಿದರೆ ತೆರೆಯುವುದೇ ಇಲ್ಲ.

ಲೆಕ್ಕವೇ ಬರೆದಿಲ್ಲ ಎಂದು ನಾವು ದೂರುತ್ತಿಲ್ಲ. ಲೆಕ್ಕ ಇದೆ, ಬೇಕಾದಷ್ಟು ವಿವರವಾಗಿಯೇ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೋ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೋ (ಐಸಿಎಂಆರ್) ಅನುದಾನ ಕೊಟ್ಟರೆ ಆ ಯೋಜನೆಗೆ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಲೇಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳ 238ನೇ ನಿಯಮದಂತೆ, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ, 12-ಎ ನಮೂನೆಯಲ್ಲಿ. ಹಿಂದಿನ ವರ್ಷ ಉಳಿದದ್ದೆಷ್ಟು, ಅದಕ್ಕೆ ಬಂದ ಬಡ್ಡಿ ಎಷ್ಟು, ಆ ಬಡ್ಡಿಯಲ್ಲಿ ಸರ್ಕಾರಕ್ಕೆ ವಾಪಸ್ ಕಟ್ಟಿದ್ದೆಷ್ಟು, ಈ ವರ್ಷ ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಕೈಯಲ್ಲಿ ಉಳಿದದ್ದೆಷ್ಟು ಎಂದು ಆ ನಮೂನೆಯಲ್ಲಿ ಒಂದೊಂದಕ್ಕೂ ಬೇರೆ ಅಂಕಣವಿದೆ. ಜೊತೆಗೆ ಹೋಗುವ ಖರ್ಚಿನ ತಃಖ್ತೆಯಲ್ಲಿ ಉಪಕರಣ, ಸಿಬ್ಬಂದಿ, ಕನ್ಸ್ಯೂಮೆಬಲ್ಸ್ (ಬಳಸಿ ಮುಗಿಯುವ ಸಾಮಗ್ರಿ), ಪ್ರಯಾಣ, ಸಾದಿಲ್ವಾರು (ಚಿಲ್ಲರೆ ಖರ್ಚು), ಓವರ್‌ಹೆಡ್ (ಸಂಸ್ಥೆ ತನ್ನ ಸಾಮಾನ್ಯ ಖರ್ಚಿಗೆ ಹಿಡಿಯುವ ಪಾಲು) ಎಂದು ಬಾಬುವಾರು ಅಂಕಿ ಇರುತ್ತದೆ. ಸಹಿ ಬಿದ್ದು, ಮೊಹರು ಬಿದ್ದು, ದೆಹಲಿಗೆ ಹೋಗುವ ಕಾಗದ ಅದು. ಅದೇ ಕಾಗದವನ್ನು ಜಾಲತಾಣಕ್ಕೆ ಹಾಕಲು ಇವರಿಗೆ ಏನು ಕಷ್ಟ?

ಬಾಬುವಾರು ಅಂಕಿ ಏಕೆ ಬೇಕು ಎಂದು ಕೇಳುವವರು ಸ್ಟೆಮ್ ಸೆಲ್ ಬೆಳೆಸುವುದನ್ನು ಒಂದು ವಾರ ಹತ್ತಿರದಿಂದ ನೋಡಲಿ. ಇವುಗಳಲ್ಲಿ ಹಲವು ಬಗೆಯ ಕೋಶಗಳನ್ನು 37 ಡಿಗ್ರಿ ಸೆಲ್ಸಿಯಸ್, ಶೇ 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್‌ನಲ್ಲಿಟ್ಟು, ಸಾಮಾನ್ಯವಾಗಿ ದಿನಾ ಅವುಗಳ ಪೋಷಕ ದ್ರವ ಬದಲಿಸಬೇಕು. ಭಾನುವಾರವೂ ಬಿಡುವಿಲ್ಲ. ಬಹಳ ಕಡೆ ಬಳಸುವ ದ್ರವಗಳನ್ನು ಒಮ್ಮೆ ಬೆರೆಸಿದರೆ ಫ್ರಿಜ್‌ನಲ್ಲಿ ಬಾಳುವುದು ಸುಮಾರು 2 ವಾರ. ಕೋಶಗಳು ಅಂಟಿಕೊಳ್ಳಲೆಂದು ತಟ್ಟೆಗೆ ಬಳಿಯುವ ಮ್ಯಾಟ್ರಿಜೆಲ್ ಎಂಬ ಲೇಪ ಇನ್ನೂ ನಾಜೂಕು. ಅದನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿ, ಐಸ್ ಮೇಲಿಟ್ಟು ಕರಗಿಸಬೇಕು. ಮುಟ್ಟುವ ಪಿಪೆಟ್ ತುದಿ, ಟ್ಯೂಬು ಎಲ್ಲವೂ ತಣ್ಣಗಿರಬೇಕು. 10 ಡಿಗ್ರಿ ದಾಟಿತೆಂದರೆ ಸೀಸೆಯೊಳಗೇ ಗಟ್ಟಿಕಟ್ಟಲು ಶುರು. ಹಾಗೆ ಗಟ್ಟಿಯಾದದ್ದು ತಟ್ಟೆಗೆ ಬಳಿಯಲು ಬಾರದು.

ಈಗ ಅನುದಾನದ ಕಂತು ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು ಎಂದುಕೊಳ್ಳಿ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು. ಇಡೀ ವರ್ಷಕ್ಕೆ ಬೇಕಾದ ದ್ರವವನ್ನು ಒಂದೇ ಸಲ ತರಿಸುತ್ತಾರೆ. ಮೈನಸ್ 20ರ ಫ್ರೀಜರ್‌ನಲ್ಲಿ ಜಾಗ ಸಾಲದೆ, ವಿದ್ಯುತ್ ಹೋಗಿ, ಅವಧಿ ಮೀರಿ, ಅರ್ಧ ಸರಕು ಚರಂಡಿಗೆ ಹೋಗುತ್ತದೆ. ಪ್ರಮಾಣಪತ್ರದಲ್ಲಿ ಮಾತ್ರ ‘ಪೂರ್ಣ ಬಳಕೆ’. ಕನ್ಸ್ಯೂಮೆಬಲ್ಸ್ ಬಾಬಿನ ಖರ್ಚನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಿದರೆ ಈ ಮಾರ್ಚ್ ಜಾತ್ರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಒಂದೇ ಸಾಲಿನ ವಾರ್ಷಿಕ ಮೊತ್ತದಲ್ಲಿ ಅದು ಎಂದೂ ಕಾಣುವುದಿಲ್ಲ.

ಸಿಬ್ಬಂದಿ ಬಾಬಿನಲ್ಲಿ ‘ಉಳಿತಾಯ’ ಕಂಡರೆ ಖುಷಿಪಡುವ ಅಧಿಕಾರಿಗಳಿದ್ದಾರೆ. ಅಲ್ಲಿ ಹಣ ಉಳಿಯಿತು ಎಂದರೆ ಹುದ್ದೆ ಖಾಲಿ ಇತ್ತು, ಇಲ್ಲವೇ ಜೂನಿಯರ್ ರಿಸರ್ಚ್ ಫೆಲೋಗೆ (ಕಿರಿಯ ಸಂಶೋಧಕರಿಗೆ) ಸಲ್ಲಬೇಕಾದ ತಿಂಗಳ 37,000 ರೂಪಾಯಿ ಬಾಕಿ ಇದೆ ಎಂದರ್ಥ. ದಿನಾ ದ್ರವ ಬದಲಿಸುವ ಕೈ ಇಲ್ಲದಿದ್ದರೆ ಕೋಶ ತನ್ನ ಗುಣ ಕಳೆದುಕೊಂಡು ಮನಸ್ಸಿಗೆ ಬಂದ ಹಾಗೆ ಬೆಳೆಯುತ್ತದೆ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆಗೂ ಕ್ರೋಮೋಸೋಮ್ ಪರೀಕ್ಷೆಗೂ ದುಡ್ಡಿಲ್ಲ ಎಂದು ಬಿಟ್ಟರೆ, ಸೋಂಕು ತಗುಲಿದ ಕೋಶದ ಮೇಲೆ ಎರಡು ವರ್ಷ ಕೆಲಸ ನಡೆದು ಎಲ್ಲವೂ ವ್ಯರ್ಥ. ದ್ರವ ಸಾರಜನಕ ತುಂಬಿಸುವ ಬಿಲ್ಲು ಒಂದು ತಿಂಗಳು ಟೇಬಲ್ ಮೇಲೆ ಕೊಳೆತರೆ ಮೈನಸ್ 196 ಡಿಗ್ರಿಯಲ್ಲಿಟ್ಟ ಕೋಶಗಳ ದಾಸ್ತಾನೇ ಸಾಯುತ್ತದೆ. ಬಿಲ್ಲಿನ ಮೊತ್ತ ಚಿಕ್ಕದು, ಸತ್ತದ್ದು ಹತ್ತು ವರ್ಷದ ಸಂಗ್ರಹ.

ಉಪಕರಣದ ಕಥೆ ಹಳೆಯದು, ಆದರೂ ಹೇಳದೆ ವಿಧಿಯಿಲ್ಲ. 2022ರ ಜುಲೈನಲ್ಲಿ ಸಂಶೋಧನಾ ಉಪಕರಣಗಳಿಗಿದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ಹೋಗಿ, ಬಹುಪಾಲು ಉಪಕರಣಗಳಿಗೆ ಶೇ 18 ಆಯಿತು. ಹಳೆಯ ದರದಲ್ಲಿ ಮಂಜೂರಾದ ಯೋಜನೆಗಳಲ್ಲಿ ಆ ವ್ಯತ್ಯಾಸವನ್ನು ಯಾವ ಬಾಬಿನಿಂದ ಕತ್ತರಿಸಿದರು? ಉಪಕರಣ ಕೊಳ್ಳುವಾಗ ಟೆಂಡರ್, ಉದ್ಘಾಟನೆ, ಫೋಟೊ ಎಲ್ಲವೂ ಉಂಟು. ವಾರಂಟಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಇಡುವುದಿಲ್ಲ. ಕೋಶ ವಿಂಗಡಿಸುವ ಯಂತ್ರಕ್ಕೆ ಬಟ್ಟೆ ಹೊದಿಸಿ ಕೂರಿಸುತ್ತಾರೆ. ಓವರ್‌ಹೆಡ್ ಎಂದು ಪ್ರತಿ ಯೋಜನೆಯಿಂದ ಹಿಡಿಯುವ ಹಣ ಆಗ ಎಲ್ಲಿರುತ್ತದೆ?

ಇದನ್ನೆಲ್ಲ ಜನ ಮಾಹಿತಿ ಹಕ್ಕಿನಲ್ಲಿ ಕೇಳಲಿ ಎನ್ನುತ್ತಾರೆ. ಕೇಳಿ ನೋಡಿ! ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಐದು ಯೋಜನೆಗಳ ಲೆಕ್ಕ ಕೇಳಿದರೆ ‘ಐದು ವಿಷಯ’ ಎಂದು ವಾಪಸ್. ಬೇರೆ ಬೇರೆ ಅರ್ಜಿ, ಬೇರೆ ಬೇರೆ 10 ರೂಪಾಯಿ, 30 ದಿನ ಕಾಯುವುದು, ಆಮೇಲೆ ‘ವಾಣಿಜ್ಯ ಗೋಪ್ಯತೆ’ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ತೋರಿಸುವುದು. ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಆಯೋಗದ ಮುಂದೆ ದಿನಾಂಕ. ಸಾರ್ವಜನಿಕ ಹಣದಲ್ಲಿ ಕೊಂಡ ಪ್ಲಾಸ್ಟಿಕ್ ತಟ್ಟೆಯ ಲೆಕ್ಕದಲ್ಲಿ ಯಾವ ಗೋಪ್ಯತೆ? ಬಜೆಟ್ಟನ್ನೂ ಹಣ ಬಟವಾಡೆಯ ವರದಿಯನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಅದೇ ಕಾಯ್ದೆಯ 4(1)(ಬಿ) ಹೇಳುತ್ತದೆ. ಕಾಯ್ದೆ ಬಂದದ್ದು 2005ರಲ್ಲಿ. ಇಷ್ಟು ವರ್ಷ ಏನು ಮಾಡುತ್ತಿದ್ದರು?

ಇಲ್ಲಿ ಇನ್ನೊಂದು ಅಪಾಯವೂ ಇದೆ. ಮಾನವ ಸ್ಟೆಮ್ ಸೆಲ್ ಮೇಲೆ ಕೆಲಸ ಮಾಡುವ ಸಂಸ್ಥೆಗೆ ತನ್ನದೇ ಪರಿಶೀಲನಾ ಸಮಿತಿ ಇರಬೇಕು, ಅದು ರಾಷ್ಟ್ರೀಯ ಉನ್ನತ ಸಮಿತಿಯಲ್ಲಿ ನೋಂದಣಿಯಾಗಿರಬೇಕು ಎಂದು ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಹೇಳುತ್ತದೆ. ರಕ್ತದ ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಉಳಿದದ್ದೆಲ್ಲ ಪ್ರಯೋಗ, ಅದನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ ಎಂದೂ ಹೇಳುತ್ತದೆ. ವಿಶ್ವವಿದ್ಯಾಲಯ ಯಾವ ಯೋಜನೆಗೆ ಎಷ್ಟು ಕೊಟ್ಟಿತು, ಸಮಿತಿ ಯಾವುದಕ್ಕೆ ಒಪ್ಪಿಗೆ ಕೊಟ್ಟಿತು ಎಂಬ ಪಟ್ಟಿ ಬಹಿರಂಗವಾಗಿ ಇಲ್ಲದಿದ್ದರೆ, ‘ವಿಶ್ವವಿದ್ಯಾಲಯದ ಸಹಯೋಗ’ ಎಂದು ಬೋರ್ಡು ಹಾಕಿಕೊಂಡು ಮಂಡಿನೋವಿನವರಿಂದಲೂ ಕಾಯಿಲೆಯ ಮಕ್ಕಳ ತಂದೆತಾಯಿಯಿಂದಲೂ ಲಕ್ಷಗಟ್ಟಲೆ ಕೀಳುವವರನ್ನು ಯಾರು ತಡೆಯುತ್ತಾರೆ?

ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಪ್ರಕರಣ ಇವರಿಗೆ ಮರೆತಿರಬೇಕು. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಆ ಪ್ರಾಧ್ಯಾಪಕರ ಸ್ಟೆಮ್ ಸೆಲ್ ಪ್ರಬಂಧಗಳು ಸುಳ್ಳೆಂದು 2006ರಲ್ಲಿ ಹಿಂಪಡೆಯಲಾಯಿತು. 2009ರಲ್ಲಿ ಸಂಶೋಧನಾ ಹಣದ ದುರ್ಬಳಕೆ ಸಾಬೀತಾಗಿ ಶಿಕ್ಷೆಯೂ ಆಯಿತು. ಅಮೆರಿಕದಲ್ಲಿ ಹೃದಯದ ಸ್ಟೆಮ್ ಸೆಲ್ ಸಂಶೋಧನೆಯ ಹುಸಿ ದತ್ತಾಂಶದ ಆರೋಪಕ್ಕೆ ಬ್ರಿಗಮ್ ಆಸ್ಪತ್ರೆ ಮತ್ತು ಅದರ ಮಾತೃಸಂಸ್ಥೆ 2017ರಲ್ಲಿ 1 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಭ್ರೂಣದ ಕೋಶಕ್ಕೆ ಎಷ್ಟು, ಸಾಮಾನ್ಯ ಕೋಶವನ್ನು ಮರುರೂಪಿಸಿ ಮಾಡಿದ ಸ್ಟೆಮ್ ಸೆಲ್ಲಿಗೆ ಎಷ್ಟು ಎಂದು ವರ್ಗವಾರು ಖರ್ಚು ಪ್ರಕಟಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆಂದು ಮತದಾರರು ಒಪ್ಪಿದ 300 ಕೋಟಿ ಡಾಲರ್ ಯಾವ ವಿಶ್ವವಿದ್ಯಾಲಯದ ಯಾವ ಯೋಜನೆಗೆ ಹೋಯಿತು ಎಂದು ಮನೆಯಲ್ಲಿ ಕೂತು ಯಾರು ಬೇಕಾದರೂ ನೋಡಬಹುದು. ನಮ್ಮವರಿಗೆ 12-ಎ ನಮೂನೆಯ ಎರಡು ಹಾಳೆ ಹಾಕಲು ಕೈ ಬರುವುದಿಲ್ಲ.

ಕುಲಸಚಿವರು ಮತ್ತು ಹಣಕಾಸು ಅಧಿಕಾರಿ ಕಳೆದ ಐದು ವರ್ಷದ ಪ್ರಮಾಣಪತ್ರಗಳನ್ನೂ ಖರ್ಚಿನ ತಃಖ್ತೆಗಳನ್ನೂ ಯೋಜನೆವಾರು ಕೂಡಲೇ ಪ್ರಕಟಿಸಬೇಕು. ಆಗದಿದ್ದರೆ ಉನ್ನತ ಶಿಕ್ಷಣ ಇಲಾಖೆಯೇ ಕಡತ ತರಿಸಿಕೊಂಡು ಪ್ರಕಟಿಸಲಿ. ಅವರಿಗೂ ಆಗದಿದ್ದರೆ ‘ತಾಂತ್ರಿಕ ವಿಷಯ’ ಎಂದು ಸಭೆಯಲ್ಲಿ ಕೂತು ಹೇಳುವ ಧೈರ್ಯವನ್ನಾದರೂ ಬಿಡಲಿ. ತೆರಿಗೆ ಕಟ್ಟುವವರಿಗೆ ಕೂಡು-ಕಳೆ ಬರುತ್ತದೆ.

ಇಂತಿ,
ಲೆಕ್ಕ ಕೇಳುತ್ತಿರುವ ಓದುಗರು