ಗಾಳಿಯಿಂದ ನೀರು: ಮೊದಲು ಅಳೆದು ತೋರಿಸಿ

ಮಾನ್ಯ ಸಂಪಾದಕರೇ,

ಗಾಳಿಯ ತೇವ ಹಿಡಿದು ನೀರು ಮಾಡುವ ಮೆಷಿನ್, ಜೊತೆಗೆ ಮೊಬೈಲ್‌ನಲ್ಲೇ ಆನ್ ಆಫ್ ಆಗುವ ಡ್ರಿಪ್, ಇನ್ನು ಬೋರ್‌ವೆಲ್ಲೇ ಬೇಡ ಅಂತ ಈಚೆಗೆ ನಮ್ಮ ಚಿಕ್ಕಬಳ್ಳಾಪುರದ ಕಡೆಯೂ ಹೇಳಿಕೊಂಡು ಬರುತ್ತಿದ್ದಾರೆ. 1,300 ಅಡಿ ಕೊರೆಸಿ ಬರೀ ಧೂಳು ಕಂಡವನು ನಾನು, ಆಸೆ ಆಗದೇ ಇರುತ್ತದಾ? ಆದರೂ ಕೂತು ಲೆಕ್ಕ ಹಾಕಿದೆ.

ಎಕರೆಗೆ ಸುಮಾರು 5,000 ಟೊಮೆಟೊ ಗಿಡ. ಗಿಡಕ್ಕೆ ದಿನಕ್ಕೆ ಒಂದೇ ಲೀಟರ್ ಅಂದರೂ 5,000 ಲೀಟರ್ ಆಯಿತು. ಈ ಮೆಷಿನ್ ಫ್ರಿಜ್ ಥರ ಗಾಳಿಯನ್ನು ತಣ್ಣಗೆ ಮಾಡಿ ಹನಿ ಇಳಿಸುತ್ತದೆ, ಲೀಟರಿಗೆ ಕಾಲು ಯೂನಿಟ್ ಅಂತ ಕಡಿಮೆ ಹಿಡಿದರೂ ದಿನಕ್ಕೆ 1,250 ಯೂನಿಟ್! ನಮಗೆ ತ್ರೀ ಫೇಸ್ ಬರುವುದೇ ಕೆಲವು ಗಂಟೆ. ಅದೂ ಅಲ್ಲದೆ ನೀರು ಬೇಕಾದ ಮಾರ್ಚ್, ಏಪ್ರಿಲ್‌ನಲ್ಲೇ ಗಾಳಿಯೂ ಒಣಗಿರುತ್ತದೆ.

ಹಾಗಂತ ಗಾಳಿ ನೀರು ಪೂರಾ ಸುಳ್ಳಲ್ಲ. ಇಬ್ಬನಿ ಬಿದ್ದರೇ ಅವರೆಕಾಯಿಗೆ ಸೊಗಡು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಚಿಲಿ ದೇಶದ ಚುಂಗುಂಗೊ ಅನ್ನುವ ಹಳ್ಳಿಯಲ್ಲಿ 1990ರ ದಶಕದಲ್ಲಿ ಬೆಟ್ಟದ ಮೇಲೆ ಬಲೆ ಕಟ್ಟಿ, ಮಂಜು ಹಿಡಿದು, ಪೈಪಿನಲ್ಲಿ ಊರಿಗೆ ಕುಡಿಯುವ ನೀರು ಇಳಿಸಿದ್ದರು. ಕರೆಂಟೇ ಇಲ್ಲದೆ, ಬಲೆಯ ಒಂದು ಚದರ ಮೀಟರಿಗೆ ದಿನಕ್ಕೆ ಸರಾಸರಿ 3 ಲೀಟರ್. ಆದರೆ ಅಲ್ಲಿ ಪಕ್ಕದಲ್ಲೇ ಸಮುದ್ರ. ನಮ್ಮ ನಂದಿ ಬೆಟ್ಟದ ಮಂಜು ಹೊತ್ತೇರಿದರೆ ಮಾಯ, ಬೆಂಗಳೂರಿನವರು ಫೋಟೊ ತೆಗೆಯೋಕೆ ನಸುಕಿನಲ್ಲೇ ಕ್ಯೂ ನಿಲ್ಲುವುದು ಸುಮ್ನೆ ಅಲ್ಲ.

ಹಾಗಾಗಿ ತೋಟಗಾರಿಕೆ ಇಲಾಖೆಯವರು ಈ ಬೆಟ್ಟದ ಸಾಲಿನಲ್ಲಿ ಒಂದೆರಡು ಬಲೆ ಕಟ್ಟಿ, ಯಾವ ತಿಂಗಳು ಎಷ್ಟು ಲೀಟರ್ ಸಿಕ್ಕಿತು ಅಂತ ಒಂದು ವರ್ಷ ಅಳೆದು ನಿಮ್ಮ ಪತ್ರಿಕೆಗೆ ಕೊಡಲಿ. ಟೊಮೆಟೊಗೆ ಅದು ಸಾಲದು, ಗೊತ್ತು. ಆದರೆ ಚಳಿಗಾಲದಲ್ಲಿ ಸಿಕ್ಕಿದ್ದನ್ನು ಮುಚ್ಚಿದ ಟ್ಯಾಂಕಿನಲ್ಲಿ ಇಟ್ಟುಕೊಂಡರೆ, ಹೊಸದಾಗಿ ನೆಟ್ಟ ಮಾವಿನ ಸಸಿಗಳ ಬುಡದಲ್ಲಿ ಮಡಕೆ ಹೂತು, ಅದರಲ್ಲಿ ಈ ನೀರು ತುಂಬಿ ನಿಧಾನಕ್ಕೆ ಬೇರಿಗೆ ಜಿನುಗುವ ಹಾಗೆ ಮಾಡಿ ಮೊದಲ ಬೇಸಿಗೆ ದಾಟಿಸಬಹುದೇನೋ.

ಮಣ್ಣಿನ ತೇವ ನೋಡುವ ಸೆನ್ಸರ್ ಮಾತ್ರ ಈಗಲೇ ಬೇಕು, ಅದಕ್ಕೆ ಸಬ್ಸಿಡಿ ಕೊಟ್ಟರೆ ಜಾಸ್ತಿ ಉಪಯೋಗ. ಡ್ರಿಪ್ ಹಾಕಿಸಿಕೊಂಡ ಮೇಲೂ ನಾವು ಅಂದಾಜಿನ ಮೇಲೇ ಗೇಟ್‌ವಾಲ್ವ್ ತಿರುಗಿಸುತ್ತೇವೆ, ಅಲ್ವಾ?

ಬಲೆಗೆ ಜಾಗ ಬೇಕಿದ್ದರೆ ನನ್ನ ಹೊಲದ ಮೇಲಿನ ಬದು ಇದೆ. ದಿನಾ ಬೆಳಿಗ್ಗೆ ಅಳತೆ ಬರೆದಿಡುವ ಕೆಲಸ ನಾನೇ ಮಾಡುತ್ತೇನೆ.

– ಒಬ್ಬ ಟೊಮೆಟೊ ಬೆಳೆಗಾರ, ಚಿಕ್ಕಬಳ್ಳಾಪುರ ತಾಲ್ಲೂಕು